ಒಂದು ತೂತು ಆಚೆಗೆ

ಬನ್ನಿಮಂಟಪದ ಹಿಂದೆ, ಗುಜರಿ ಗೋಡೌನಿನ ಪಕ್ಕ
ಇಲಿಯಾಸನ ಶೆಡ್ಡಿನಲ್ಲಿ
ನಾಲ್ಕು ಕಬ್ಬಿಣದ ಕುದುರೆಗಳ ಮೇಲೆ ನಿಂತಿದೆ ಕೆಂಪು ಗಾಡಿ.
ಎರಡೇ ಸೀಟು. ಡಿಕ್ಕಿಯಲ್ಲಿ ಒಂದು ತಲೆದಿಂಬೂ ಹಿಡಿಯದು.
ಹಲ್ಲಿನ ಡಾಕ್ಟರು ದೇಚಮ್ಮನದು.
ಕೊಯಮತ್ತೂರಿನ ಟ್ರ್ಯಾಕಿಗೆ ಇನ್ನು ಹನ್ನೊಂದು ದಿನ.

ನಾನು ಲೇತಿನವನು, ಜವರಪ್ಪ.
ಸೈಕಲ್ಲು ಬಿಟ್ಟು ಬೇರೇನೂ ಓಡಿಸಲು ಬಾರದು.
ಆದರೆ ಮಿಲಿಮೀಟರಿನ ನೂರನೇ ಒಂದು ಪಾಲು
ನನ್ನ ಉಗುರಿಗೆ ಗೊತ್ತಾಗುತ್ತದೆ,
ಅನ್ನದಲ್ಲಿ ಕಲ್ಲು ಗೊತ್ತಾಗುವ ಹಾಗೆ.

ಮೊದಲು ಹಿಂದಿನ ರಬ್ಬರ್ ಬುಷ್ಷುಗಳನ್ನು ಒತ್ತಿ ತೆಗೆದೆವು.
ಇಪ್ಪತ್ತು ವರ್ಷ ಅವು
ಹಳ್ಳದಿಣ್ಣೆಗಳ ದೂರನ್ನೆಲ್ಲ ತಾವೇ ನುಂಗಿ
ಸೀಟಿಗೆ ಅರ್ಧ ಸುದ್ದಿ ಮಾತ್ರ ಕಳಿಸಿದ್ದವು,
ಎರಡು ಮನೆಗಳ ನಡುವೆ ಮಾತು ತಗ್ಗಿಸಿ ಮುಟ್ಟಿಸುವ
ಸೋದರತ್ತೆಯ ಹಾಗೆ.
ಹೊರಗೆ ಬಂದಾಗ ಒಡೆದ ಹಿಮ್ಮಡಿಯಂತಿದ್ದವು.

ಆ ಜಾಗಕ್ಕೆ ಉಕ್ಕಿನ ಗುಂಡು, ಉಕ್ಕಿನ ಬಟ್ಟಲು.
ಇನ್ನು ಮಾತು ತಗ್ಗಿಸುವವರಿಲ್ಲ.
"ಬೀಡಿ ತುಂಡಿನ ಮೇಲೆ ಹತ್ತಿದರೂ
ಬೆನ್ನಿಗೆ ಗೊತ್ತಾಗುತ್ತೆ ಮೇಡಂ" ಅಂದ ಇಲಿಯಾಸ್.
"ಆಗಲಿ" ಅಂದರು. "ದಿನವೆಲ್ಲ
ಮರಗಟ್ಟಿಸೋದೇ ನನ್ನ ಕೆಲಸ."

ಗಟ್ಟಿ ಸ್ಪ್ರಿಂಗು ಹಾಕಿದೆವು. ಮೂರು ಬೆರಳು ಕೆಳಗೆ ಕೂತಿತು.
ಹಿಂದಿನ ಚಕ್ರಗಳ ತಲೆ ಎರಡು ಡಿಗ್ರಿ ಒಳಕ್ಕೆ,
ಮದುವೆ ಪಂಕ್ತಿಯಲ್ಲಿ ಗುಟ್ಟು ಹೇಳುವವರಂತೆ.

ಅಳೆಯುವ ಯಂತ್ರ ನಮ್ಮಲ್ಲಿಲ್ಲ.
ಗಾರೆಯವರ ನೂಲು, ತೂಗುಗುಂಡು,
ಇಲಿಯಾಸನ ಎಡಗಣ್ಣು.
ಸೀಟಿನಲ್ಲಿ ಓಡಿಸುವವರ ತೂಕ ಕೂತಿರಬೇಕು,
ಇಲ್ಲದಿದ್ದರೆ ಅಳತೆಯೇ ಸುಳ್ಳು.
ಡಾಕ್ಟರು ಕ್ಲಿನಿಕ್ಕಿನಲ್ಲಿ.
ಹೆಂಗಸರ ತೂಕ ಫೋನಿನಲ್ಲಿ ಕೇಳುವುದು ಹೇಗೆಂದು
ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.
ಕೊನೆಗೆ ನನ್ನ ಹೆಂಡತಿ ಕೇಳಿದಳು.
ಅರವತ್ತೊಂದು. ಹೆಲ್ಮೆಟ್ಟು ಸೇರಿ ಅರವತ್ತೆರಡೂವರೆ.

ಮಂಡ್ಯದಿಂದ ಷಡ್ಡಕ ತಂದಿಳಿಸಿದ ಬೆಲ್ಲವಿತ್ತು.
ಮೂವತ್ತು ಕಿಲೋದ ಎರಡು ಮೂಟೆ, ಮೇಲೆ ಎರಡೂವರೆ ಕಿಲೋ ಅಚ್ಚು.
ಬೆಲ್ಟು ಬಿಗಿದು ಕೂರಿಸಿದೆವು, ಬೀಗಿತ್ತಿಯಂತೆ.
ಮಾರನೆಯ ಬೆಳಿಗ್ಗೆ ಇರುವೆಸಾಲು
ಹಿಂದಿನ ಟೈರು ಹತ್ತಿ, ನಾನು ಕಡೆದ ತೋಳಿನ ಮೇಲೆ ಹಾದು
ಕೂದಲೆಳೆಯಷ್ಟೂ ಅಡ್ಡ ಹೋಗದೆ ಒಳಗೆ ನಡೆದಿತ್ತು.
ಬಗ್ಗಿ ನೋಡಿದ ಇಲಿಯಾಸ್:
"ನೂಲು ಸುಮ್ಮನೆ ದಂಡ ಮಾಡಿದ್ವಿ."

ಭಾನುವಾರ, ಐದೂವರೆ. ವರುಣಾ ಹತ್ತಿರ
ಸೈಟು ಮಾರಾಟವಾಗದ ಲೇಔಟು.
ರಸ್ತೆಯಿದೆ, ಸರ್ಕಲ್ಲಿದೆ, ಮನೆಗಳಿಲ್ಲ.
ಎರಡು ಸುತ್ತು ಹಾಡಿದಂತೆ ಹೋಯಿತು.
ಮೂರನೆಯದರಲ್ಲಿ, ತಿರುವಿನ ನಡುವೆ
ಡಾಕ್ಟರು ಥಟ್ಟನೆ ಕಾಲೆತ್ತಿದರು.
ಮೂತಿ ಒಳಕ್ಕೆ ನುಗ್ಗಿತು; ಹಿಂಬದಿ
ತನಗೆ ಬೇರೆ ಊರಿದೆ ಎಂಬಂತೆ ಹೊರಟಿತು.
ಒಂದೂವರೆ ಸುತ್ತು ತಿರುಗಿ, ಬಂದ ದಾರಿಗೇ ಮುಖಮಾಡಿ
ನಿಂತಾಗ ಬರೀ ಧೂಳು.
ನೂರಾ ಹದಿನಾಲ್ಕನೇ ಸೈಟಿನ ಕಲ್ಲು ಒಂದು ಗೇಣು ದೂರ.

ಓಡಿದೆ. ಬಾಗಿಲು ತೆಗೆದರೆ ನಗುತ್ತಿದ್ದರು,
ಕೈಗಳು ಮಾತ್ರ ನಗುತ್ತಿರಲಿಲ್ಲ.
"ಎಲ್ಲ ಹೇಳಿತು ಜವರಪ್ಪ. ಹೇಳಿದ ಮೇಲೆ
ಒಂದು ಗಳಿಗೆ ಕಾಯಲಿಲ್ಲ."

ಹಿಂದಿನ ಅಡ್ಡಸರಳಿಗೆ ಮೂರು ತೂತು ನಾನೇ ಕೊರೆದಿದ್ದೆ:
ಬುಡದ್ದು ಬಿಗಿ, ತುದಿಯದ್ದು ಸಡಿಲ.
ಬಿಗಿ ಮಾಡುವ ಹುರುಪಿನಲ್ಲಿ
ಉಳಿದೆರಡನ್ನು ಯಾಕೆ ಕೊರೆದೆನೆಂದೇ ಮರೆತಿದ್ದೆ.
ಇಬ್ಬನಿಯ ಹುಲ್ಲಿನ ಮೇಲೆ ಅಂಗಾತ ಮಲಗಿ
ಹದಿನಾಲ್ಕರ ಸ್ಪ್ಯಾನರಿನಿಂದ ಕೊಂಡಿ ಬಿಚ್ಚಿ
ಒಂದು ತೂತು ಆಚೆಗೆ ಹಾಕಿದೆ. ಅರ್ಧ ಅಂಗುಲ.

ಮತ್ತೆ ಅದೇ ತಿರುವು, ಮತ್ತೆ ಕಾಲೆತ್ತಿದರು.
ಹಿಂಬದಿ ಹೊರಳಿತು, ಕೊಂಚ ಯೋಚಿಸಿತು,
ಹಿಂದೆಯೇ ಬಂತು.

ವಾಪಸು ಬರುವಾಗ ಪಕ್ಕದ ಸೀಟು ನನಗೆ.
ಹೊಲಿಗೆಯಲ್ಲಿ ಬೆಲ್ಲದ ಪುಡಿ, ದಾರಿ ತಪ್ಪಿದ ಒಂದು ಇರುವೆ.
ರಿಂಗ್ ರೋಡು ಮುಗಿಯುವಷ್ಟರಲ್ಲಿ
ಬೆನ್ನಿನ ಮಣಿಗಳ ಲೆಕ್ಕ ಸಿಕ್ಕಿತ್ತು.
ಇಲಿಯಾಸ್ ಹೇಳಿದ್ದು ತಪ್ಪು:
ಬೀಡಿ ತುಂಡು ಬೇಡ,
ಬೆಂಕಿಕಡ್ಡಿ ಸಾಕು.