ಮೂವತ್ತೊಂದನೇ ದಿನ

ಶಿವಮೊಗ್ಗ, ಬಿ.ಎಚ್. ರಸ್ತೆ, ಸೊಸೈಟಿಯ ಮೆಟ್ಟಿಲ ಕೆಳಗೆ
ಮೇಲ್ ಸರ್ವರ್ ಇಟ್ಟ ಗೂಡು. ಬೀಗದ ಕೈ ನನ್ನದು.

ಪತ್ರ ನಾನು ಓದುವುದಿಲ್ಲ.
ಯಾರಿಂದ, ಯಾರಿಗೆ, ಎಷ್ಟು ಹೊತ್ತಿಗೆ, ಎಷ್ಟು ತೂಕ,
ಲಾಗಿನಲ್ಲಿ ಅಷ್ಟೇ.
ಅಷ್ಟೇ ಅಂದೆನೇ?
ಲೆಕ್ಕದ ವಿಭಾಗದ ಕುಸುಮಾಕ್ಷಿ ರಾತ್ರಿ ಹನ್ನೊಂದು ನಲವತ್ತಕ್ಕೆ
ಒಂದೇ ವಿಳಾಸಕ್ಕೆ ನಾಲ್ಕು ಸಾಲಿನಷ್ಟು ಬರೆದಳು, ದಿನಾ, ಎರಡು ವಾರ,
ಉತ್ತರ ಬರಲಿಲ್ಲ, ಒಂದು ರಾತ್ರಿ ನಿಲ್ಲಿಸಿದಳು
ಎಂದು ತಿಳಿಯಲು ಲಕೋಟೆ ಒಡೆಯಬೇಕೆ?

ನಿಂತ ಇಪ್ಪತ್ತೇಳನೇ ದಿನ
ಕಾರ್ಯದರ್ಶಿ ಹಾಲೇಶಪ್ಪ ಬಂದರು, ಕೈಯಲ್ಲಿ ಅರ್ಧ ಲೋಟ ಚಹಾ.
"ಅವಳು ಯಾರಿಗೆ ಬರೀತಾಳೆ, ಅಷ್ಟು ತೆಗೆದು ಕೊಡು ಮಾರಾಯ.
ನಮ್ಮದೇ ಯಂತ್ರ, ನಮ್ಮದೇ ಕರೆಂಟು."
"ಬರವಣಿಗೆಯಲ್ಲಿ ಕೊಡಿ ಸಾರ್, ಕಾರಣ ಸಮೇತ."
ಲೋಟ ನನ್ನ ಮೇಜಿನ ಮೇಲೇ ಬಿಟ್ಟು ಹೋದರು.

ಗೋಡೆಯ ನಿಯಮ ನಾನೇ ಟೈಪು ಮಾಡಿ ಅಂಟಿಸಿದ್ದು:
ಮೂವತ್ತು ದಿನ, ಆಮೇಲೆ ಅಳಿಸು.
ಮುಂಚೆ ಅಳಿಸಿದರೆ ಅದೂ ಕಳವೇ.
ಮೂರು ರಾತ್ರಿ ಬೆರಳು ತುರಿಸಿತು.
ಮುಟ್ಟಲಿಲ್ಲ.

ಮೂವತ್ತೊಂದರ ಬೆಳಗಿನ ಜಾವ ಎರಡಕ್ಕೆ
ಕೊನೆಯ ಸಾಲನ್ನೂ ಯಂತ್ರ ತನ್ನಷ್ಟಕ್ಕೆ ಮರೆಯಿತು.
ಹತ್ತೂವರೆಗೆ ಮೊಹರು ಬಿದ್ದ ಕಾಗದ ಬಂತು.
ಹಿಂಬದಿಯಲ್ಲಿ ಬರೆದೆ: ದಾಖಲೆ ಇಲ್ಲ.
ಸತ್ಯ. ದಿನಾಂಕ ಹಾಕಿ ಸಹಿ ಮಾಡಿದೆ.

ನಿನ್ನೆ ದುರ್ಗಿಗುಡಿಯಲ್ಲಿ
ಚಪ್ಪಲಿ ಹೊಲಿಸುತ್ತ ಒಂಟಿಗಾಲಲ್ಲಿ ನಿಂತಿದ್ದವಳು
"ಆರಾಮಾ?" ಎಂದಳು.
ನಾಲಗೆ ತುದಿಗೆ ಬಂದದ್ದು: ಉತ್ತರ ಬಂತಾ?

ನನ್ನ ತಲೆಯಲ್ಲಿ ಮೂವತ್ತು ದಿನ ಇನ್ನೂ ಮುಗಿದಿಲ್ಲ.
ಹೂಂ ಎಂದೆ,
ದಾರ ಪೋಣಿಸುವ ಮುದುಕನ ಸೂಜಿ ನೋಡುತ್ತ.