ಲೆಕ್ಕಕ್ಕಿಲ್ಲದ ಕೆಂಪು

ಗ್ಯುಮ್ರಿಯಲ್ಲಿ ಕಲ್ಲೇ ಕಪ್ಪು.
ಗೋಡೆ ಕಪ್ಪು, ಕಮಾನು ಕಪ್ಪು,
ನಡುವೆ ಅಲ್ಲೊಂದು ಇಲ್ಲೊಂದು ಸಾಲು
ಬೆಂದ ಕುಂಬಳದ ಬಣ್ಣದ ಕಲ್ಲು.
ನಾನು ಪರದೆಯ ಮೇಲೆ ಮಾಡುವ ಕೆಲಸ
ನಮ್ಮೂರಿನ ಮೇಸ್ತ್ರಿಗಳು ಎಂದೋ
ಸುಣ್ಣ ಕಲಸಿ ಮಾಡಿಟ್ಟು ಹೋದದ್ದು.

ಚೌಕದ ಹಿಂದೆ, ಎರಡನೇ ಮಹಡಿ,
ಒಂದು ಹೀಟರು, ಒಂದು ಕಂಪ್ಯೂಟರು.
ಮದುವೆಯವರು ಬರುತ್ತಾರೆ:
"ಅರ್ಪೆನಿಕ್, ಎಲ್ಲ ಕಪ್ಪು ಬಿಳುಪು ಮಾಡು,
ಹೂಗುಚ್ಛವೊಂದು ಕೆಂಪಿರಲಿ."
ಸರಿ. ಉಳಿದ ಬಣ್ಣಗಳ ಕತ್ತು ಹಿಡಿದು
ಸೊನ್ನೆಗಿಳಿಸಿ, ಕೆಂಪನ್ನು ಮಾತ್ರ ಬಿಟ್ಟರೆ
ಹೂವಿನ ಹಿಂದೆ ಕರೆಯದೆಯೇ ಬರುತ್ತವೆ
ಮಾವನ ಮೂಗು,
ಪಾದ್ರಿಯ ಬೆರಳ ಗಂಟು,
ಬ್ರಾಂದಿ ಏರಿಸಿದ ಚಿಕ್ಕಪ್ಪನ ಇಡೀ ಮುಖ.
ಕೆಂಪಿಗೇನು ಗೊತ್ತು ಯಾರ ಮದುವೆಯೆಂದು?
ಒಂದೊಂದಾಗಿ ಒರೆಸುತ್ತೇನೆ.
ಸಂಜೆಯ ಹೊತ್ತಿಗೆ ಚಿಕ್ಕಪ್ಪ ಬೂದಿ.

ಜನವರಿಯ ಒಂದು ಮಂಗಳವಾರ
ಬೀಗ ರಿಪೇರಿಯ ಸೆರೋಬ್ ಬಂದ.
ಕೋಟಿನೊಳಗೆ ಪತ್ರಿಕೆ, ಪತ್ರಿಕೆಯೊಳಗೆ ಫೋಟೊ.
"ಮೊದಲಿನದು," ಅಂದ.
ನಮ್ಮೂರಲ್ಲಿ ಮೊದಲು ಎಂದರೆ
ಯಾವುದಕ್ಕಿಂತ ಎಂದು ಯಾರೂ ಕೇಳುವುದಿಲ್ಲ.

ಅಂಗಳ. ಹಗ್ಗದ ಮೇಲೆ ಸೆಟೆದ ಚಾದರ.
ಬಾಗಿಲಲ್ಲಿ ತಾಯಿ, ಬರಿತಲೆ,
ಕೈಯಲ್ಲಿ ಎನಾಮೆಲ್ಲಿನ ಕೆಟಲು.
ಸೋವಿಯತ್ ಕಾಲದ ಕಾಗದ;
ನೀಲಿ ಮೊದಲು ಎದ್ದು ಹೋಗಿದೆ, ಆಮೇಲೆ ಹಸಿರು.
ಉಳಿದದ್ದು ಬೀಟ್‌ರೂಟ್ ಬೇಯಿಸಿದ ನೀರಿನಂಥ
ಒಂದೇ ಕೆಂಪು:
ಚಾದರದ ಮೇಲೆ, ಹಿಮದ ಮೇಲೆ, ತಾಯಿಯ ಮೇಲೆ.
ಯಾವ ಬಣ್ಣ ಇರಬೇಕೆಂದು
ನನಗಿಂತ ಮುಂಚೆ ಯಾರೋ ಆರಿಸಿ ಮುಗಿಸಿದ್ದರು.

"ಕೆಟಲನ್ನು ನೀಲಿ ಮಾಡು.
ಉಳಿದದ್ದೆಲ್ಲ ಬೂದು ಇರಲಿ, ಪರವಾಗಿಲ್ಲ."
ಯಾವ ನೀಲಿ?
ಹೀಟರಿನ ಗ್ಯಾಸಿನ ಉರಿ ತೋರಿಸಿದ. ಅಲ್ಲ.
ಬೀದಿಯಲ್ಲಿ ನಿಂತ ವ್ಯಾನಿನ ಬಾಗಿಲು. ಅದೂ ಅಲ್ಲ.
ನನ್ನ ಮಗಳ ನೋಟ್‌ಬುಕ್ಕಿನ ರಟ್ಟು
ಹತ್ತಿರ ಬಂತು, ಆದರೂ
"ಇದಕ್ಕೆ ಬಿಸಿ ಸಾಲದು."
ಬಿಸಿ ನೀಲಿ! ಇಪ್ಪತ್ತು ವರ್ಷದಲ್ಲಿ
ಯಾವ ಮದುಮಗಳೂ ಕೇಳಿರಲಿಲ್ಲ.
ಕೂದಲೆಳೆಯಷ್ಟು ಮೌಸು ಜರುಗಿಸಿದೆ,
ಇನ್ನೊಂದು ಎಳೆ. ಅವನು ಉಸಿರು ಬಿಡಲಿಲ್ಲ.
"ನಿಲ್ಲಿಸು. ಅಲ್ಲೇ."

ರೊಸ್ತೋವಿನ ತಂಗಿಗೆ ಫೋನಿನಲ್ಲಿ ಕಳಿಸಿದ.
ನ್ವಾರ್ಡ್ ತಕ್ಷಣ ಕರೆ ಮಾಡಿದಳು:
"ಹಸಿರಿತ್ತು ಕಣೋ. ತೊಳೀತಿದ್ದವಳು ನಾನು, ನೀನಲ್ಲ."
"ಮುಚ್ಚಳ ಹಸಿರು. ಅದು ಪಕ್ಕದ ಮನೇದು."
"ಪಕ್ಕದ ಮನೇಲಿ ಕೆಟಲೇ ಇರಲಿಲ್ಲ."
ನನ್ನ ಚಹಾ ಆರಿತು, ಹೀಟರು ಒಮ್ಮೆ ಆರಿ ಹೊತ್ತಿತು.
ಕೊನೆಗೆ ಎರಡು ಪ್ರತಿ:
ಅಣ್ಣನಿಗೆ ನೀಲಿ, ತಂಗಿಗೆ ಹಸಿರು,
ತಾಯಿ ಎರಡರಲ್ಲೂ ಬೂದು.

ಲಕೋಟೆಗೆ ಹಾಕುವಾಗ ಸೆರೋಬನ ಬೆರಳು ನಿಂತಿತು
ತಾಯಿಯ ಎಡಗಿವಿಯ ತುದಿಯಲ್ಲಿ.
ಒರೆಸುವಾಗ ನನ್ನ ಕಣ್ಣು ತಪ್ಪಿಸಿದ್ದು,
ಬೇಳೆಕಾಳಿನಷ್ಟು ಕೆಂಪು.
"ತಾಳು," ಎಂದೆ, ನಾಚಿಕೆಯಾಗಿ, "ಅಳಿಸಿ ಕೊಡ್ತೀನಿ."
"ಬೇಡ. ಅವಳ ಕಿವಿ ಹಾಗೇ."
"ಏನದು?" ಎಂದಳು ಫೋನಿನೊಳಗಿಂದ ನ್ವಾರ್ಡ್.
"ಕಿವಿ. ಕೆಂಪಗೆ."
ಆ ಕಡೆ ಸುಮಾರು ಹೊತ್ತು ಏನೂ ಕೇಳಲಿಲ್ಲ.
"ಎಷ್ಟು ಹೇಳಿದರೂ
ಸ್ಕಾರ್ಫ್ ಕಟ್ಟುತ್ತಿರಲಿಲ್ಲ," ಎಂದಳು.

ಅದು ಕಾಗದ ಹಳಸಿದ ಕೆಂಪು.
ಕಿವಿಗೂ ಚಳಿಗೂ ಸಂಬಂಧವಿಲ್ಲ.
ನನಗೆ ಗೊತ್ತಿತ್ತು. ಹೇಳಲಿಲ್ಲ.
ರಸೀದಿಯಲ್ಲಿ ಬರೆದೆ:
ನೀಲಿ ಒಂದು, ಹಸಿರು ಒಂದು.
ಅಷ್ಟಕ್ಕೇ ದುಡ್ಡು ಎಣಿಸಿಕೊಂಡೆ.