ಮಾದರಿ ಕಾಳು

ಅಡತಿ ಅಂಗಡಿಯ ಮಾಳಿಗೆಯ ಮೇಲೆ ನಮ್ಮ ವಾಚನಾಲಯ.
ಕೆಳಗೆ ತೊಗರಿಯ ತೂಕ, ಮೇಲೆ ಸ್ಕ್ಯಾನರಿನ ಬೆಳಕು,
ದುಧನಿಯ ಧೂಳು ಎರಡಕ್ಕೂ ಒಂದೇ.
ಮೂರು ವರ್ಷ ಒರೆಸಿ ಒರೆಸಿ ಏರಿಸಿದ್ದೇನೆ
ಸಾವಿರದ ಮುನ್ನೂರ ಹನ್ನೆರಡು:
ಮುಚ್ಚಿದ ಶಾಲೆಯ ಹಾಜರಿ ಪುಸ್ತಕ, ನಾಟಕದ ಕರಪತ್ರ,
ಅರ್ಧ ಮೋಡಿ ಲಿಪಿ ಅರ್ಧ ಕನ್ನಡದ ಕೀರ್ದಿಗಳು,
ಒಬ್ಬ ಸೂಲಗಿತ್ತಿ ಹೇಳಿ ಬರೆಸಿದ ಮದ್ದಿನ ವಹಿ.

ಇವತ್ತು ನೋಂದಣಿ.
ಎಲ್ಲೋ ಒಂದು ದೊಡ್ಡ ಪಟ್ಟಿಯೊಳಗೆ
ನಮ್ಮ ವಿಳಾಸವೂ ಒಂದು ಸಾಲಾಗಬೇಕು,
ಆಮೇಲೆ ಕೊಯ್ಲಿನ ಯಂತ್ರ ತಾನಾಗಿ ಬರುತ್ತದಂತೆ.

"ಕೊಯ್ಲಾ?" ಚಹಾ ತಂದ ಹಮಾಲ ಲಾಡ್ಲೇಸಾಬ ನಿಂತ.
"ಏನೇನ್ ಒಯ್ತಾರ್ರೀ ಬಾಯಿ?"
ಹೆಸರು, ಇಸವಿ, ಬರದವರ್ಯಾರು, ಯಾವ ಭಾಷಾ. ಅಷ್ಟ.
ಪುಸ್ತಕ ಇಲ್ಲೇ ಇರತಾವ.
ಅವನು ಸೊಂಟದ ಕೊಳವೆ ಮುಟ್ಟಿಕೊಂಡ,
ನಲವತ್ತು ವರ್ಷ ಚೀಲದ ಹೊಟ್ಟೆಗೆ ಚುಚ್ಚಿ
ಅಂಗೈಯಷ್ಟು ಕಾಳು ತೆಗೆದ ಕಬ್ಬಿಣದ್ದು.
"ಮಾದರಿ ಅನ್ನರಿ ಮತ್ತ," ಅಂದ. "ಚೀಲ ಚೀಲದವಂದ."

ಫಾರ್ಮು ತೆರೆಯಿತು.
ಯಂತ್ರದ ಮೊದಲ ಪ್ರಶ್ನೆ: ನೀನು ಯಾರು?
ನನಗೇನು ಹೊಸದಲ್ಲ.
ಸೊಲ್ಲಾಪುರದ ಕಚೇರಿಯಲ್ಲಿ ಮರಾಠಿಯೊಳಗೆ ಕೇಳಿದ್ದಾರೆ,
ಕಲಬುರಗಿಯಲ್ಲಿ ಕನ್ನಡದೊಳಗೆ, ಇನ್ನೂ ಜೋರಾಗಿ.
ಕಿಟಕಿಗೆ ಬಂದರೆ ನನ್ನ ಫೋನು ಕರ್ನಾಟಕದ್ದು,
ಕುರ್ಚಿಗೆ ಬಂದರೆ ಮಹಾರಾಷ್ಟ್ರದ್ದು.
ಇದಕ್ಕೆ ಭಂಡಾರದ ಹೆಸರು, ಹೊಣೆ ಹೊತ್ತವರ ಇಮೇಲು, ಸಾಕು.
ಭಾಷೆಯ ಕಲಮಿನಲ್ಲಿ ಮೂರು ಅಕ್ಷರ ಒತ್ತಿದೆ.
ರಾಜ್ಯ ಅದು ಕೇಳಲೇ ಇಲ್ಲ.

ತಪ್ಪು ಸಿಕ್ಕಿದ್ದು ಇಸವಿಯಲ್ಲಿ.
ಎಂಟುನೂರ ಆರನೆಯ ದಾಖಲೆ, ಒಂದು ಕೀರ್ದಿ:
ಈಶ್ವರನಾಮ ಸಂವತ್ಸರ, ಮಾಘ ಶುದ್ಧ ಪಂಚಮಿ.
ಈಶ್ವರ ಅದಕ್ಕೆ ಅಂಕಿಯಲ್ಲ.
ಅರವತ್ತಕ್ಕೊಮ್ಮೆ ತಿರುಗಿ ಬರುವ ವರ್ಷ
ಯಾವ ಸುತ್ತಿನದೆಂದು ಕೀರ್ದಿಯನ್ನೇ ಕೇಳಿದೆ.
ಹತ್ತನೆಯ ಹಾಳೆ: ಮೋಟಾರ ಬಾಡಿಗೆ ಆರು ಆಣೆ.
ಮೋಟಾರಿದೆ, ಹಿಂದಿನ ಸುತ್ತಲ್ಲ. ಆಣೆಯಿದೆ, ಮುಂದಿನದೂ ಅಲ್ಲ.
ಮಾಘವೆಂದರೆ ಇಸವಿ ದಾಟಿರುತ್ತದೆ.
೧೯೩೮ ಎಂದು ಬರೆದೆ. ಕೆಂಪು ಹೋಯಿತು.

ಆಮೇಲೆ ಕೇಳಿತು:
ಅಳಿಸಿದ್ದರ ನೆನಪು ಇಡುತ್ತೀರಾ?
ಇಲ್ಲ. ಸ್ವಲ್ಪ ದಿನ. ಸದಾ.
ಕಳೆದ ಆಷಾಢದಲ್ಲಿ ಹತ್ತೂರೆ ಮನೆಯವರು ಬಂದು
ಅಜ್ಜನ ಸಾಲದ ವಹಿ ತೆಗೆಯಿರಿ ಅಂದಿದ್ದರು.
ಅದರೊಳಗೆ ಯಾರ್ಯಾರೋ ಒತ್ತೆಯಿಟ್ಟ ತಾಳಿಗಳು,
ಊರಿನ ಸಮೇತ, ಹೆಸರಿನ ಸಮೇತ.
ತೆಗೆದೆ. ತೆಗೆದದ್ದು ಸರಿ.
ಆದರೆ ಅದರ ಅಂಕಿ, ನಾನೂರ ಹದಿನೇಳು,
ಇನ್ನೊಂದಕ್ಕೆ ಕೊಡಲು ಮನಸಾಗಿರಲಿಲ್ಲ.
ಸದಾ ಒತ್ತಿದೆ.
ಇನ್ನು ಯಾರು ಬಂದು ಕೇಳಿದರೂ ಭಂಡಾರ ಹೇಳುತ್ತದೆ:
ಇಲ್ಲಿ ಒಂದಿತ್ತು. ಈಗಿಲ್ಲ.
ಏನಿತ್ತೆಂದು ಹೇಳುವುದಿಲ್ಲ.

ಮರುದಿನ ಲಾಗು ತೆರೆದರೆ
ರಾತ್ರಿ ಎರಡು ನಲವತ್ತಕ್ಕೆ ಬಂದು ಹೋಗಿದೆ.
ನೂರರಂತೆ ಒಯ್ದು, ಪ್ರತಿ ಸಲ
ಎಲ್ಲಿ ನಿಲ್ಲಿಸಿದೆನೆಂಬ ಚೀಟಿ ಹಿಡಿದು
ಮತ್ತೆ ಬಾಗಿಲಿಗೆ ಬಂದು,
ಹದಿಮೂರು ಚೀಟಿ, ಕೊನೆಗೆ ಹನ್ನೆರಡು ದಾಖಲೆ.
ಊರು ಮಲಗಿತ್ತು. ನಾಯಿ ಕೂಡ ಬೊಗಳಿರಲಿಕ್ಕಿಲ್ಲ.

ಲಾಡ್ಲೇಸಾಬ ಕಪಾಟಿಗೆ ಬೆರಳಿಟ್ಟು ಎಣಿಸಿದ,
ನನ್ನ ಮಾತು ಪೂರ್ತಿ ನಂಬದವನಂತೆ.
"ಎಲ್ಲಾ ಅದಾವ್ರಿ."
ಮದ್ದಿನ ವಹಿಯ ಹತ್ತಿರ ಬೆರಳು ನಿಂತಿತು.
"ಇದಕ್ಕ ಬರದವರ್ಯಾರು ಅಂತ ಹಾಕೀರಿ?"
ಗೊತ್ತಿಲ್ಲ ಅಂತ.
"ಗುರುಬಾಯಿ ಅಂತ ಹಾಕ್ರಿ. ಬರಿಲಿಕ್ಕ ಬರತಿದ್ದಿಲ್ಲ ಖರೆ.
ನನ್ನ ಹೊರಗ ಎಳದಾಕಿ ಆಕಿ."

ತಿದ್ದಿದೆ. ತಾರೀಖು ಬದಲಾಯಿತು.
ಬದಲಾದದ್ದಷ್ಟನ್ನೇ ಹುಡುಕಿ
ಇನ್ನೊಂದು ರಾತ್ರಿ ಬರುತ್ತದೆ ಅದು,
ಆ ಒಂದು ಕಾಳಿಗಾಗಿ.